ಬ್ಯಾರಿ ಬ್ಲೂಜೀನ್ಸ್ ಯಾರು ಅಂತ ಕಥೆ ಕಟ್ಟಿದವರಿಗೆ ಮೊದಲೇ ಗೊತ್ತಿತ್ತಾ? ಪಾತ್ರಗಳ ಹಿಂದಿನ ಕಥೆ ಊಹಿಸುವವರೆಲ್ಲ ಬನ್ನಿ

ಬಸವನಗುಡಿ ದಾಳ

ಮೊದಲಿಗೆ ಒಂದು ಎಚ್ಚರಿಕೆ. 'ದಿ ಅಡ್ವೆಂಚರ್ ಝೋನ್', 'ಕ್ರಿಟಿಕಲ್ ರೋಲ್' ಎರಡೂ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರ ಕಾರ್ಯಕ್ರಮಗಳು; ಮೇಜಿನ ಸುತ್ತ ಕೂತು ಪಾತ್ರ ವಹಿಸಿ, ದಾಳ ಎಸೆದು ಕಥೆ ಕಟ್ಟುವ ಆಟ ಅದು. ಮೊದಲನೆಯದರ ಬ್ಯಾಲೆನ್ಸ್ ಕಥೆ, ಎರಡನೆಯದರ ಎರಡನೇ ಕ್ಯಾಂಪೇನ್ (ಹಲವು ಎಪಿಸೋಡ್ ನಡೆಯುವ ಉದ್ದ ಕಥೆ), ಇವೆರಡನ್ನೂ ಕೇಳಿ ಮುಗಿಸದವರು ಇಲ್ಲಿಗೇ ನಿಲ್ಲಿಸಿ. ಮುಂದೆ ಎಲ್ಲ ಗುಟ್ಟೂ ಬಯಲಾಗುತ್ತದೆ.

ಕಳೆದ ಭಾನುವಾರ ನಾವು ನಾಲ್ಕು ಜನ ಕಬ್ಬನ್ ಪಾರ್ಕಿನ ಬಿದಿರು ಮೆಳೆ ಹತ್ತಿರ ಕೂತು ಎರಡು ಗಂಟೆ ವಾದ ಮಾಡಿದೆವು. ವಿಷಯ ಒಂದೇ: ಬ್ಯಾರಿ ಬ್ಲೂಜೀನ್ಸ್. ನಮ್ಮಲ್ಲಿ ಒಬ್ಬಳು ಆ ವಾರವಷ್ಟೇ ಬ್ಯಾಲೆನ್ಸ್‌ನ 69 ಎಪಿಸೋಡ್ ಮುಗಿಸಿದ್ದಳು. "ಇದೆಲ್ಲ ಮೊದಲೇ ಬರೆದಿಟ್ಟಿದ್ದರು. ಇಲ್ಲದಿದ್ದರೆ ಇಷ್ಟು ಸರಿಯಾಗಿ ಕೂರಲ್ಲ" ಎಂದಳು. ನಾನು ಒಪ್ಪಲಿಲ್ಲ. ಈಗಲೂ ಒಪ್ಪುತ್ತಿಲ್ಲ.

ಶುರುವಾದದ್ದು ಹೇಗೆ ನೋಡಿ. 2014ರ ಆಗಸ್ಟ್. ಜಸ್ಟಿನ್, ಟ್ರಾವಿಸ್, ಗ್ರಿಫಿನ್ ಎಂಬ ಮೂವರು ಮ್ಯಾಕೆಲ್‌ರಾಯ್ ಸೋದರರು ತಮ್ಮ ಅಪ್ಪ ಕ್ಲಿಂಟ್ ಜೊತೆ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದರು. ಅದು ಅವರ ಹಾಸ್ಯ ಪಾಡ್‌ಕಾಸ್ಟ್‌ನ ಒಂದು ವಿಶೇಷ ಎಪಿಸೋಡ್, ಅಷ್ಟೇ. ಆ ವರ್ಷವೇ ಆಟದ ಐದನೇ ಆವೃತ್ತಿ ಬಂದಿತ್ತು. ಅದರ ಸ್ಟಾರ್ಟರ್ ಸೆಟ್ ಪೆಟ್ಟಿಗೆಯಲ್ಲಿ ಸಿಗುವ ರೆಡಿಮೇಡ್ ಸಾಹಸವನ್ನೇ ಎತ್ತಿಕೊಂಡರು. ಆ ಪುಸ್ತಕದಲ್ಲಿ ಸಿಲ್ಡಾರ್ ಹಾಲ್‌ವಿಂಟರ್ ಅನ್ನೋ ಯೋಧ ಇದ್ದಾನೆ. ಡಿಎಂ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್ ಆಗಿದ್ದ ಗ್ರಿಫಿನ್ ಆ ಜಾಗಕ್ಕೆ ಬ್ಯಾರಿ ಬ್ಲೂಜೀನ್ಸ್ ಅನ್ನೋ ಹೆಸರು ತಂದರು. ಕೇಳಿದರೇ ನಗು ಬರುವ ಹೆಸರು. ಬ್ಯಾರಿ ಸ್ವಲ್ಪ ಹೊತ್ತು ಜೊತೆಗಿದ್ದ. ಫ್ಯಾಂಡಾಲಿನ್ ಊರು ಸುಟ್ಟು ಕಪ್ಪು ಗಾಜಾದಾಗ ಅವನೂ ಹೋದ. ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ. ಕೆಂಪು ನಿಲುವಂಗಿಯಲ್ಲಿ ಬಂದು ಹೆದರಿಸುತ್ತಿದ್ದವನು ಬ್ಯಾರಿಯೇ. ಸ್ಟಾರ್‌ಬ್ಲಾಸ್ಟರ್ ಹಡಗಿನ ಏಳು ಜನರಲ್ಲಿ ಅವನೂ ಒಬ್ಬ. ಆಟಗಾರರ ಪಾತ್ರಗಳಾದ ಟಾಕೋ, ಮ್ಯಾಗ್ನಸ್, ಮರ್ಲ್ ಮೂವರೂ ಅವನ ಜೊತೆ ನೂರು ವರ್ಷ ಕಳೆದಿದ್ದರು. ಆದರೆ ಅದೇ ಹಡಗಿನ ಲುಕ್ರೇಶಿಯಾ ತನ್ನ ದಿನಚರಿಗಳನ್ನು ವಾಯ್ಡ್‌ಫಿಶ್‌ಗೆ, ತಿಂದದ್ದನ್ನು ಜನರ ನೆನಪಿನಿಂದ ಅಳಿಸುವ ಜೀವಿಗೆ, ತಿನ್ನಿಸಿದಳು. ಆ ನೂರು ವರ್ಷ ಎಲ್ಲರ ತಲೆಯಿಂದ ಅಳಿಸಿಹೋಯಿತು. ಟಾಕೋಗೆ ಲಪ್ ಎಂಬ ಅವಳಿ ಸೋದರಿ ಇದ್ದಳು ಅನ್ನೋದೂ ಅದರಲ್ಲೇ ಹೋಯಿತು.

ಈಗ ನನ್ನ ವಾದ. ಬ್ಯಾರಿಯ ಹಿಂದಿನ ಕಥೆ ಮೊದಲ ದಿನ ಇರಲೇ ಇಲ್ಲ. ಹೆಸರು ಕೇಳಿ ಮೇಜಿನ ಸುತ್ತ ನಕ್ಕರು. ನಕ್ಕಿದ್ದಕ್ಕೆ ಹೆಸರು ಉಳಿಯಿತು. ಉಳಿದ ಮೇಲೆ ಅದಕ್ಕೊಂದು ಬದುಕು ಬೇಕಾಯಿತು. ಆಮೇಲೆ ಹಿಂದಕ್ಕೆ ಹೊಲಿದರು. ಹಳೆ ಸೀರೆ ತುಂಡುಗಳು ಕೌದಿಯಾಗುತ್ತವಲ್ಲ, ಹಾಗೆ.

ಹಾಗಿದ್ದರೆ ನಾವು ಊಹೆ ಮಾಡುವಾಗ ಹುಡುಕುತ್ತಿರುವುದು ಏನನ್ನು? ಬರೆದು ಬಚ್ಚಿಟ್ಟ ಉತ್ತರವನ್ನಾ, ಇನ್ನೂ ಹುಟ್ಟದ ಉತ್ತರವನ್ನಾ? ನಿಮಗೆ ಇಷ್ಟವಾದ ಪಾತ್ರ ಇಟ್ಟುಕೊಂಡು ಹೇಳಿ.

ಕಡಲತಡಿಯವಳು

ನಾನು ನಿಮ್ಮ ಗೆಳತಿಯ ಪಕ್ಷ. 'ನಾಟ್ ದ ಬ್ರೇವ್' ಬಗ್ಗೆ ಏನು ಹೇಳುತ್ತೀರಿ?

ಕ್ರಿಟಿಕಲ್ ರೋಲ್ ಎರಡನೇ ಕ್ಯಾಂಪೇನ್ ಶುರುವಾದದ್ದು 2018ರ ಜನವರಿಯಲ್ಲಿ. ಸ್ಯಾಮ್ ರೀಗಲ್ ಆಡಿದ ಪುಟ್ಟ ಗಾಬ್ಲಿನ್ (ಕಥೆಗಳ ಕುಳ್ಳ ರಾಕ್ಷಸ ಜಾತಿ) ಈ ನಾಟ್. ಮೊದಲಿನಿಂದಲೂ ಅವಳಲ್ಲಿ ಏನೋ ಸರಿಹೊಂದುತ್ತಿರಲಿಲ್ಲ. ತಾನೇ ಗಾಬ್ಲಿನ್, ಆದರೆ ಗಾಬ್ಲಿನ್ ಅಂದರೆ ಅಸಹ್ಯ. ಮುಖಕ್ಕೆ ಪಿಂಗಾಣಿ ಮುಖವಾಡ. ನೀರು ಕಂಡರೆ ಭಯ. ಗುಂಡಿಗಳನ್ನು ಕೂಡಿಡುತ್ತಾಳೆ, ಅಂಗಿಗೆ ಹಾಕುವ ಗುಂಡಿ. ತಂಡದ ಮಂತ್ರವಾದಿ ಕೇಲಬ್‌ನನ್ನು ತಾಯಿ ಮಗನನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳುತ್ತಾಳೆ. "ಇವಳು ಹುಟ್ಟಿನಿಂದ ಗಾಬ್ಲಿನ್ ಅಲ್ಲ" ಎಂದು ಆಗಲೇ ಅಭಿಮಾನಿಗಳು ಬರೆಯುತ್ತಿದ್ದರು.

ನಿಜವೂ ಅದೇ ಆಯಿತು. ಅವಳು ವೆತ್ ಬ್ರೆನಾಟೊ. ಹಾಫ್ಲಿಂಗ್ ಅನ್ನೋ ಕುಳ್ಳ ಜನಾಂಗದ ಹೆಂಗಸು. ಗಂಡ ಯೇಜಾ, ಮಗ ಲೂಕ್. ಗಾಬ್ಲಿನ್‌ಗಳು ಅವಳನ್ನು ನೀರಿನಲ್ಲಿ ಮುಳುಗಿಸಿ ಕೊಂದು, ಗಾಬ್ಲಿನ್ ಮೈಯಲ್ಲಿ ಮತ್ತೆ ಬದುಕಿಸಿದ್ದವು. ನೀರಿನ ಭಯ ಎಲ್ಲಿಂದ ಬಂತು ಅಂತ ಗೊತ್ತಾದ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಷ್ಟೇ ಆಗಿದ್ದರೆ ನೀವು "ಆಮೇಲೆ ಹೊಲಿದರು" ಅನ್ನಬಹುದಿತ್ತು. ಆದರೆ ಹೆಸರು ನೋಡಿ. 'ನಾಟ್ ದ ಬ್ರೇವ್' ಅನ್ನೋದನ್ನು ಇಂಗ್ಲಿಷ್‌ನಲ್ಲಿ ಬರೆದರೆ (Nott the Brave) 12 ಅಕ್ಷರ. 'ವೆತ್ ಬ್ರೆನಾಟೊ' (Veth Brenatto) ಕೂಡ 12. ಅದೇ 12 ಅಕ್ಷರ, ಜಾಗ ಮಾತ್ರ ಬದಲು. ನಾನು ಅಕ್ಷರದ ಬಿಲ್ಲೆ ಜೋಡಿಸಿ ಪರೀಕ್ಷೆ ಮಾಡಿದೆ. ಒಂದೂ ಉಳಿಯಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ. ಇದನ್ನು ಮೊದಲ ದಿನಕ್ಕೂ ಮೊದಲೇ ಕೂತು ಮಾಡಿರಬೇಕು. ಬೇರೆ ದಾರಿ ಇಲ್ಲ.

ಕನ್ನಡದಲ್ಲೂ ಬರೆದು ನೋಡಿದೆ. ಆಗಲ್ಲ. ನಮ್ಮ ಅಕ್ಷರದಲ್ಲಿ ಸ್ವರ ವ್ಯಂಜನಕ್ಕೆ ಅಂಟಿಕೊಂಡಿರುತ್ತದೆ. ಕಿತ್ತು ಬೇರೆ ಕಡೆ ಇಡೋಕೆ ಬರಲ್ಲ. ಅದಕ್ಕೇ ನಾವು ಕಿವಿಯಲ್ಲಿ ಕೇಳುತ್ತಾ ಹೋದವರಿಗೆ ಈ ಗುಟ್ಟು ಸಿಗಲೇ ಇಲ್ಲ. ಕಾಗದದ ಮೇಲೆ ಆ ಹೆಸರು ಬರೆದುಕೊಂಡವರಿಗೆ ಮಾತ್ರ ಅದು ಕಣ್ಣೆದುರೇ ಇತ್ತು.

ರಾತ್ರಿಪಾಳಿ

ಮೂರನೇ ದಾರಿಯೊಂದಿದೆ. ಅದನ್ನು ಇಬ್ಬರೂ ಹೇಳಲಿಲ್ಲ.

ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಕೆಲಸ ಮಾಡುತ್ತೇನೆ. ಕ್ರಿಟಿಕಲ್ ರೋಲ್‌ನ ಒಂದೊಂದು ಎಪಿಸೋಡ್ ಮೂರು, ನಾಲ್ಕು ಗಂಟೆ ಇರುತ್ತದೆ. ಹೋಗುವಾಗ ಅರ್ಧ, ಬರುವಾಗ ಅರ್ಧ. ಎರಡನೇ ಕ್ಯಾಂಪೇನ್ 141 ಎಪಿಸೋಡ್. ನನಗೆ ಒಂದೂವರೆ ವರ್ಷ ಹಿಡಿಯಿತು.

ಅದರಲ್ಲಿ ಯಾಶಾ ನನ್ನ ಮೆಚ್ಚಿನ ಪಾತ್ರ. ದೊಡ್ಡ ಕತ್ತಿ, ಕಡಿಮೆ ಮಾತು. ಗುಡುಗು ಬಂತು ಅಂದರೆ ಹೇಳದೆ ಕೇಳದೆ ಎದ್ದು ಹೊರಟುಬಿಡುತ್ತಾಳೆ. ವಾರಗಟ್ಟಲೆ ಪತ್ತೆ ಇಲ್ಲ. ಮತ್ತೆ ಒಂದು ದಿನ ಬಂದು ನಿಲ್ಲುತ್ತಾಳೆ. ನಾನು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ: ಯಾವ ಎಪಿಸೋಡ್‌ನಲ್ಲಿ ಹೋದಳು, ಎಲ್ಲಿಂದ ಹೋದಳು, ಆಗ ಮಳೆ ಇತ್ತಾ. ಅವಳನ್ನು ಯಾರೋ ಕರೆಸಿಕೊಳ್ಳುತ್ತಿದ್ದಾರೆ ಅಂತ ನನಗೆ ಖಚಿತವಾಗಿತ್ತು.

ಆಮೇಲೆ ಗೊತ್ತಾಯಿತು. ಯಾಶಾ ಆಡುವ ಆಶ್ಲಿ ಜಾನ್ಸನ್ ಆಗ 'ಬ್ಲೈಂಡ್‌ಸ್ಪಾಟ್' ಎಂಬ ಟಿವಿ ಸೀರಿಯಲ್‌ನಲ್ಲಿ ನಟಿಸುತ್ತಿದ್ದರು. ಅದರ ಶೂಟಿಂಗ್ ನ್ಯೂಯಾರ್ಕ್‌ನಲ್ಲಿ. ಉಳಿದವರೆಲ್ಲ ಲಾಸ್ ಏಂಜಲೀಸ್‌ನಲ್ಲಿ. ಅವರಿಗೆ ಬರೋಕೆ ಆಗದ ವಾರ ಯಾಶಾ ಹೊರಟುಹೋಗುತ್ತಿದ್ದಳು.

ನನಗೆ ಬೇಜಾರಾಗಲಿಲ್ಲ. ಇನ್ನೂ ಜಾಸ್ತಿ ಇಷ್ಟವಾಯಿತು. ನಟಿಗೆ ಬರೋಕೆ ಆಗಲ್ಲ ಅನ್ನೋ ಒಂದು ಸಣ್ಣ ತೊಂದರೆಯನ್ನು ಆ ಮೇಜಿನವರು ಗುಡುಗಿನ ದೇವರ ಕರೆಯನ್ನಾಗಿ ಮಾಡಿದರು. ಮುಂದೆ ಓಬಾನ್ ಎಂಬ ಖಳ ಬಂದು ಅವಳನ್ನು ಎಳೆದುಕೊಂಡಾಗ, ಆ ಹಳೆಯ ಖಾಲಿ ದಿನಗಳೆಲ್ಲ ಭಾರವಾಗಿ ಕಂಡವು. ನನ್ನ ನೋಟ್‌ಬುಕ್ ತಪ್ಪಾಗಿರಲಿಲ್ಲ. ಕಾರಣ ಮಾತ್ರ ಬೇರೆ ಊರಿನಲ್ಲಿತ್ತು.

ಬಸವನಗುಡಿ ದಾಳ

@ಕಡಲತಡಿಯವಳು, ಹೆಸರಿನ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅದು ಮೊದಲೇ ಮಾಡಿಟ್ಟದ್ದು. ಒಪ್ಪಿದೆ.

ಆದರೆ ಒಂದು ವ್ಯತ್ಯಾಸ ನೋಡಿ. ನಾಟ್ ಒಬ್ಬ ಆಟಗಾರನ ಪಾತ್ರ. ಅವಳ ಗುಟ್ಟು ಸ್ಯಾಮ್ ಮತ್ತು ಡಿಎಂ ಮ್ಯಾಥ್ಯೂ ಮರ್ಸರ್ ನಡುವಿನದು. ಬ್ಯಾರಿ ಡಿಎಂ ಕೈಯ ಎನ್‌ಪಿಸಿ, ಅಂದರೆ ಆಟಗಾರರು ಆಡದ ಪಾತ್ರ. ಗುಟ್ಟು ಯಾರ ಜೇಬಿನಲ್ಲಿದೆ ಅನ್ನೋದರ ಮೇಲೆ ಊಹೆಯ ದಾರಿಯೂ ಬದಲಾಗುತ್ತದೆ. ಬ್ಯಾಲೆನ್ಸ್‌ನಲ್ಲಂತೂ ಟಾಕೋ ಆಡುತ್ತಿದ್ದ ಜಸ್ಟಿನ್‌ಗೂ ಟಾಕೋನ ಹಿಂದಿನ ಕಥೆ ಕೈಗೆ ಸಿಕ್ಕಿರಲಿಲ್ಲ. ಯಾವುದೋ ಮಾತು ಬಂದಾಗ ಗರ್ರ್ ಎಂದು ರೇಡಿಯೋ ಸದ್ದು ಬರುತ್ತಿತ್ತು. ಅಳಿಸಿಹೋದ ಮಾತು ಅದು. ಪಾತ್ರಕ್ಕೂ ಕೇಳಿಸಲ್ಲ, ನಮಗೂ ಕೇಳಿಸಲ್ಲ. ಆ ಸದ್ದು ಬಂದ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡು ಅಭಿಮಾನಿಗಳು ಊಹೆ ಕಟ್ಟಿದರು. ಪಾಡ್‌ಕಾಸ್ಟ್ ಅನ್ನೋ ಮಾಧ್ಯಮಕ್ಕೆ ಇದಕ್ಕಿಂತ ಒಳ್ಳೆಯ ಸುಳಿವನ್ನು ನಾನು ಕಂಡಿಲ್ಲ.

ಧಾರವಾಡದಿಂದ

ಎಲ್ಲರೂ ಹೆಸರು, ಗುಂಡಿ, ಮಳೆ ಅಂತಿದ್ದೀರಿ. ನಾನು ದನಿಯ ಬಗ್ಗೆ ಹೇಳುತ್ತೇನೆ.

ಫ್ಯೋರ್ಡ್. ಅದೇ ಎರಡನೇ ಕ್ಯಾಂಪೇನ್‌ನಲ್ಲಿ ಟ್ರಾವಿಸ್ ವಿಲ್ಲಿಂಗ್‌ಹ್ಯಾಮ್ ಆಡಿದ, ಅರ್ಧ ಮನುಷ್ಯ ಅರ್ಧ ಓರ್ಕ್ (ಕಥೆಗಳ ಇನ್ನೊಂದು ರಾಕ್ಷಸ ಜಾತಿ) ಆದ ನಾವಿಕ. ಅಮೆರಿಕದ ದಕ್ಷಿಣದವರ ಹಾಗೆ ಎಳೆದು, ನಿಧಾನಕ್ಕೆ ಮಾತಾಡುತ್ತಾನೆ. ಹತ್ತಾರು ಎಪಿಸೋಡ್ ಅದೇ ಅವನ ದನಿ. ಆಮೇಲೆ ಗೊತ್ತಾಗುತ್ತದೆ, ಅದು ಅವನದಲ್ಲ. ಅವನನ್ನು ಹಡಗಿಗೆ ಸೇರಿಸಿಕೊಂಡ ಕ್ಯಾಪ್ಟನ್ ವ್ಯಾಂಡ್ರನ್‌ದು. ಅನಾಥಾಲಯದಲ್ಲಿ ಬೆಳೆದ ಹುಡುಗ. ತಾನು ಮೆಚ್ಚಿದ ಒಬ್ಬ ಗಂಡಸಿನ ದನಿಯನ್ನೇ ತೊಟ್ಟುಕೊಂಡು ಓಡಾಡುತ್ತಿದ್ದ. ತನಗೆ ಶಕ್ತಿ ಕೊಟ್ಟಿದ್ದ ಕತ್ತಿಯನ್ನು ಲಾವಾಕ್ಕೆ ಎಸೆದ ಆ ದಿನಗಳಲ್ಲೇ ಆ ದನಿಯನ್ನೂ ಕಳಚಿಟ್ಟ.

ನಾನು ಅದನ್ನು ಕೇಳಿದ್ದು ಲಾಲ್‌ಬಾಗ್ ಕೆರೆ ಏರಿಯ ಮೇಲೆ ನಡೆಯುತ್ತಿದ್ದಾಗ. ಅಲ್ಲೇ ನಿಂತುಬಿಟ್ಟೆ.

ನಾನು ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಾಗ ನನ್ನ ಬಾಯಲ್ಲಿ ಇದ್ದದ್ದು "ಏನ್ ಮಾಡಾಕತ್ತೀರಿ", "ಹೌದಲ್ರೀ", "ಒಟ್ಟ ಗೊತ್ತಿಲ್ಲ ನೋಡ್ರಿ". ಆಫೀಸಿನಲ್ಲಿ ಯಾರೂ ಕೆಟ್ಟದ್ದು ಮಾಡಲಿಲ್ಲ. ಆದರೆ ನಾನು ಬಾಯಿ ಬಿಟ್ಟ ಕೂಡಲೇ ಒಂದು ನಗು. ಪ್ರೀತಿಯ ನಗುವೇ. "ಇನ್ನೊಂದ್ಸಲ ಹೇಳು" ಅನ್ನುತ್ತಿದ್ದರು. ಆರು ತಿಂಗಳಲ್ಲಿ ನಾನು "ಏನ್ ಮಾಡ್ತಿದೀರಾ" ಕಲಿತೆ. ಯಾರೂ ಹೇಳಲಿಲ್ಲ, ನಾನೇ ಕಲಿತೆ. ಈಗ ಹೊಸಬರು ಕೇಳಿದರೆ ನನ್ನನ್ನು ಮೈಸೂರು ಕಡೆಯವನು ಅಂದುಕೊಳ್ಳುತ್ತಾರೆ. ಅವ್ವನ ಫೋನ್ ಬಂದಾಗ ಮಾತ್ರ ಹಳೆ ದನಿ ತಾನಾಗೇ ಬರುತ್ತದೆ. ಪಕ್ಕದಲ್ಲಿ ಕೂತವರು ತಿರುಗಿ ನೋಡುತ್ತಾರೆ.

ಅದಕ್ಕೇ ಹೇಳುತ್ತಿದ್ದೇನೆ. ಪಾತ್ರದ ಹಿಂದಿನ ಕಥೆ ಹುಡುಕುವಾಗ ಅದು ಏನು ಹೇಳಿತು ಅನ್ನೋದನ್ನು ಮಾತ್ರ ಬರೆದುಕೊಳ್ಳಬೇಡಿ. ಹೊಡೆತ ಬಿದ್ದಾಗ, ಸಿಟ್ಟು ಬಂದಾಗ, ನಿದ್ದೆಯಿಂದ ಎದ್ದಾಗ ಯಾವ ದನಿ ಬರುತ್ತದೆ ಕೇಳಿ. ನಮ್ಮ ಕನ್ನಡದವರಿಗೆ ಇದು ಹೇಳಿಕೊಡಬೇಕಾದ ವಿದ್ಯೆಯಲ್ಲ. ಬಸ್ಸಿನಲ್ಲಿ ಒಬ್ಬರು ಎರಡು ವಾಕ್ಯ ಮಾತಾಡಿದರೆ ಸಾಕು, ಇವರು ಕುಂದಾಪುರದವರಾ, ಬಳ್ಳಾರಿಯವರಾ, ಕೋಲಾರದವರಾ ಅಂತ ನಾವು ಹೇಳುತ್ತೇವೆ. ಅದೇ ಕಿವಿಯನ್ನು ಇಲ್ಲೂ ಇಡಿ.

ಕಡಲತಡಿಯವಳು

@ಧಾರವಾಡದಿಂದ, ನನಗೂ ಇದೇ ಆಯಿತು. "ಎಂತ" ಬಿಟ್ಟು "ಏನು" ಹಿಡಿದೆ. ಊರಿಗೆ ಹೋದಾಗ "ಎಂತ ಮಾರಾಯ್ತಿ, ಬೆಂಗ್ಳೂರಿನವಳಾದ್ಯಾ" ಅಂತಾರೆ. ನಿಮ್ಮ ಬರಹ ಓದಿದ ಮೇಲೆ ಫ್ಯೋರ್ಡ್‌ನ ಎಪಿಸೋಡ್‌ಗಳನ್ನು ಮತ್ತೆ ಕೇಳಬೇಕು ಅನಿಸಿತು.

ಮೇಜಿನ ಆ ಬದಿ

ನಾನು ಮಲ್ಲೇಶ್ವರದಲ್ಲಿ ಗೆಳೆಯನ ಮನೆಯ ಮಹಡಿಯ ಮೇಲೆ ಪ್ರತಿ ಶನಿವಾರ ಕನ್ನಡದಲ್ಲೇ ಆಟ ನಡೆಸುತ್ತೇನೆ. ನಾನು ಡಿಎಂ, ಆಡುವವರು ಐದು ಜನ. ಪರದೆಯ ಈಚೆ ಕೂತವನಿಗೆ ಕಾಣುವುದನ್ನು ಹೇಳುತ್ತೇನೆ.

ಆಟದ ನಿಯಮಗಳ ಪುಸ್ತಕವಾದ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಪ್ರತಿ ಹಿನ್ನೆಲೆಗೂ ನಾಲ್ಕು ಪಟ್ಟಿ ಇರುತ್ತಿತ್ತು. ಸ್ವಭಾವ, ಆದರ್ಶ, ಬಂಧ, ದೋಷ. ಸ್ವಭಾವಕ್ಕೆ ಎಂಟು ಮುಖದ ದಾಳ, ಉಳಿದವಕ್ಕೆ ಆರು ಮುಖದ ದಾಳ. ಏನೂ ತೋಚದಿದ್ದರೆ ದಾಳ ಎಸೆದು ನಿಮ್ಮ ದೋಷ ಯಾವುದು ಅಂತ ತಿಳಿದುಕೊಳ್ಳಬಹುದಿತ್ತು. 2024ರ ಹೊಸ ಪುಸ್ತಕದಲ್ಲಿ ಹಿನ್ನೆಲೆಗಳಿಂದ ಆ ಪಟ್ಟಿಗಳನ್ನು ತೆಗೆದುಬಿಟ್ಟರು. ಈಗ ಹಿನ್ನೆಲೆ ಅಂದರೆ ಅಂಕ ಏರಿಕೆ, ಒಂದು ಫೀಟ್ (ವಿಶೇಷ ಸಾಮರ್ಥ್ಯ), ಒಂದಿಷ್ಟು ಕೌಶಲ. ನನ್ನ ಮೇಜಿನಲ್ಲಿ ಇವತ್ತಿಗೂ ಹಳೆ ಪಟ್ಟಿ ನಡೆಯುತ್ತದೆ. 'ಬಂಧ' ಇಲ್ಲದ ಪಾತ್ರವನ್ನು ಎಲ್ಲಿಗೂ ಎಳೆಯೋಕೆ ಆಗಲ್ಲ.

ಈಗ ನಿಮ್ಮ ಪ್ರಶ್ನೆ, ಮೊದಲೇ ಇರುತ್ತಾ, ಆಮೇಲೆ ಹುಟ್ಟುತ್ತಾ. ನನ್ನ ಒಬ್ಬ ಆಟಗಾರ 11 ಪುಟ ಬರೆದು ತಂದಿದ್ದ. ತಾತನ ತಾತನಿಂದ ಶುರು. ಎಲ್ಲ ಚೆನ್ನಾಗಿತ್ತು. ಆದರೆ ಅದರಲ್ಲಿ ನನಗೆ ಕಾಲಿಡೋಕೆ ಜಾಗವೇ ಇರಲಿಲ್ಲ. ಎಲ್ಲ ಬಾಗಿಲೂ ಅವನೇ ಮುಚ್ಚಿದ್ದ. ಇನ್ನೊಬ್ಬಳು ಒಂದೇ ಸಾಲು ಬರೆದಳು: "ನಮ್ಮ ಅಜ್ಜಿ ಮನೆ ಕೆರೆ ಇದ್ದ ಜಾಗದಲ್ಲಿದೆ."

ಅಷ್ಟೇ. ನನಗೆ ಕೂಡಲೇ ಮೆಜೆಸ್ಟಿಕ್ ನೆನಪಾಯಿತು. ಈಗ ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ನಾನು ಒಂದು ಊರು ಕಟ್ಟಿದೆ. ಅಲ್ಲಿ ಕೆರೆಯನ್ನು ಒಣಗಿಸಿ ಸಂತೆ ಮಾಡಿದ್ದಾರೆ. ಮಳೆಗಾಲದಲ್ಲಿ ಮಾತ್ರ ಹಳೆ ನೀರು ತನ್ನ ಜಾಗ ಹುಡುಕಿಕೊಂಡು ಬರುತ್ತದೆ. ಅವಳ ಅಜ್ಜಿ ಯಾರು, ಆ ಮನೆ ಅಲ್ಲಿ ಯಾಕೆ ಉಳಿಯಿತು, ನನಗೂ ಗೊತ್ತಿರಲಿಲ್ಲ. ಅದನ್ನು ಹುಡುಕುತ್ತಾ 14 ಶನಿವಾರ ಆಡಿದೆವು.

ಇನ್ನೊಂದು ವಿಷಯ, ಇದು ಮುಖ್ಯ. ಆಟಗಾರರು ಮೇಜಿನಲ್ಲೇ ಊಹೆ ಮಾಡುತ್ತಾರೆ. "ಅಜ್ಜಿನೇ ಕೆರೆ ಕಾಯೋಳು ಇರಬೇಕು ಕಣೋ" ಅಂತ ಒಬ್ಬ ತಿಂಡಿ ತಿನ್ನುತ್ತಾ ಅಂದ. ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಅವನು ಹೇಳಿದ್ದು ನನ್ನದಕ್ಕಿಂತ ಚೆನ್ನಾಗಿತ್ತು. ನಾನು ಮುಖ ಬದಲಿಸದೆ ಒಳಗೊಳಗೇ ಅದನ್ನೇ ತೆಗೆದುಕೊಂಡೆ. ಮೂರು ವಾರ ಆದ ಮೇಲೆ ಅಜ್ಜಿ ಕೆರೆ ಏರಿಯ ಮೇಲೆ ಬಂದು ನಿಂತಾಗ ಆ ಹುಡುಗ ಕುರ್ಚಿಯಿಂದ ಎದ್ದು ಕೂಗಿದ, "ನಾನ್ ಹೇಳಿರ್ಲಿಲ್ವಾ!" ಅವನು ಉತ್ತರ ಕಂಡುಹಿಡಿದೆ ಅಂದುಕೊಂಡ. ನಿಜಕ್ಕೂ ಉತ್ತರ ಕೊಟ್ಟವನೇ ಅವನು. ಇವತ್ತಿನವರೆಗೂ ಅವನಿಗೆ ಹೇಳಿಲ್ಲ. ಅವನು ಇದನ್ನು ಓದಿದರೆ, ಹೌದು ಕಣೋ, ಅದು ನಿನ್ನದೇ.

ಕಡಲತಡಿಯವಳು

ಮೇಲಿನದನ್ನು ಓದಿ ನಮ್ಮ ದೊಡ್ಡಮಾವ ನೆನಪಾದರು. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ತಾಳಮದ್ದಳೆ ಅಂದರೆ ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಎಲ್ಲರೂ ಕೂತಿರುತ್ತಾರೆ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಆಮೇಲೆ ಪಾತ್ರ ವಹಿಸಿದವರು ಆ ಪದ್ಯದ ಮೇಲೆ ಆಗಲೇ ಮಾತು ಕಟ್ಟಿ ವಾದ ಮಾಡುತ್ತಾರೆ. ಮಾತನ್ನು ಯಾರೂ ಬರೆದು ಕೊಡಲ್ಲ. ಎದುರಿನವನು ಏನು ಕೇಳುತ್ತಾನೆ ಅನ್ನೋದೂ ಗೊತ್ತಿರಲ್ಲ. ನಾನು ಮೊದಲ ಸಲ ಕ್ರಿಟಿಕಲ್ ರೋಲ್ ಕೇಳಿದಾಗ ಹೊಸದು ಅನಿಸಲೇ ಇಲ್ಲ. ಕೂತು ಮಾತಾಡುತ್ತಾ ಯುದ್ಧ ಮಾಡುವವರನ್ನು ನಾನು ಚಿಕ್ಕವಳಿದ್ದಾಗಲೇ ನೋಡಿದ್ದೆ.

ಕರ್ಣಭೇದನ ಪ್ರಸಂಗ ತೆಗೆದುಕೊಳ್ಳಿ. ಕೃಷ್ಣ ಬಂದು ಕರ್ಣನಿಗೆ "ನೀನು ಕುಂತಿಯ ಮಗ" ಅಂತ ಹೇಳುತ್ತಾನೆ. ಕೇಳಲು ಕೂತ ಪ್ರತಿಯೊಬ್ಬರಿಗೂ ಅದು ಗೊತ್ತು. ಕರ್ಣನಿಗೆ ಮಾತ್ರ ಗೊತ್ತಿಲ್ಲ. ಆದರೂ ಜನ ರಾತ್ರಿ ನಿದ್ದೆಗೆಟ್ಟು ಕೂರುತ್ತಾರೆ. ಯಾಕೆ? ಈ ಕರ್ಣ ಅದನ್ನು ಕೇಳಿ ಏನನ್ನುತ್ತಾನೆ ಅಂತ. ಒಂದು ಸಲ ದೊಡ್ಡಮಾವ ತುಂಬಾ ಹೊತ್ತು ಸುಮ್ನೆ ಕೂತುಬಿಟ್ಟರು. ಭಾಗವತರು ಕಾದರು. ಆಮೇಲೆ ಅವರು ರಾಧೆಯ ಬಗ್ಗೆ ಮಾತ್ರ ಮಾತಾಡಿದರು, ತನ್ನನ್ನು ಸಾಕಿದವಳ ಕೈಯ ಬಗ್ಗೆ. ಕುಂತಿಯ ಹೆಸರನ್ನೇ ಎತ್ತಲಿಲ್ಲ. ಪದ್ಯದಲ್ಲಿ ಅದು ಇರಲಿಲ್ಲ.

ಅಂದರೆ ನಾನು ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ವೆತ್ ಬ್ರೆನಾಟೊ ಅನ್ನೋ ಹೆಸರು ಪದ್ಯ. ಅದು ಮೊದಲೇ ಇತ್ತು. ಆದರೆ ಅವಳು ಗಂಡನ ಮುಂದೆ ಗಾಬ್ಲಿನ್ ಮೈಯಲ್ಲಿ ನಿಂತಾಗ ಏನು ಹೇಳುತ್ತಾಳೆ, ಅದು ಅರ್ಥ. ಅದನ್ನು ಸ್ಯಾಮ್ ಕೂಡ ಮೊದಲೇ ಬರೆದಿಟ್ಟಿರೋಕೆ ಸಾಧ್ಯವಿಲ್ಲ.

ರಾತ್ರಿಪಾಳಿ

ತುಂಬಾ ಚೆನ್ನಾಗಿದೆ. ಒಂದು ವಿಷಯ ಮಾತ್ರ ಒಪ್ಪಲ್ಲ. ತಾಳಮದ್ದಳೆಯಲ್ಲಿ ಕರ್ಣ ಆ ರಾತ್ರಿಯೇ ದಾಳ ತಪ್ಪಿ ಸಾಯಲ್ಲ. ಇಲ್ಲಿ ಸಾಯಬಹುದು.

ಬಸವನಗುಡಿ ದಾಳ

ಅದೇ ಮಾತಿಗೆ ಬರುತ್ತಿದ್ದೆ. ಮಾಲಿಮಾಕ್.

ಅದೇ ಎರಡನೇ ಕ್ಯಾಂಪೇನ್‌ನಲ್ಲಿ ಟ್ಯಾಲಿಸನ್ ಜಾಫಿ ಆಡಿದ ಪಾತ್ರ. ಬಣ್ಣದ ಕೋಟು, ಮೈತುಂಬ ಹಚ್ಚೆ, ಜಾತ್ರೆಯಲ್ಲಿ ಕಾರ್ಡ್ ನೋಡಿ ಭವಿಷ್ಯ ಹೇಳುವವನು. ಕಥೆ ಶುರುವಾಗುವ ಎರಡು ವರ್ಷದ ಹಿಂದೆ ಮಣ್ಣಿನ ಗೋರಿಯೊಳಗಿಂದ ಎದ್ದು ಬಂದ. ಅದರ ಹಿಂದಿನದು ಏನೂ ನೆನಪಿಲ್ಲ. ತಿಳಿದುಕೊಳ್ಳುವ ಆಸೆಯೂ ಅವನಿಗಿಲ್ಲ. ಆ ಹಿಂದಿನ ಬದುಕನ್ನು ತುಂಬುವ ಕೆಲಸವನ್ನು ಟ್ಯಾಲಿಸನ್ ಡಿಎಂ ಕೈಗೆ ಬಿಟ್ಟಿದ್ದರು. ಆಡುವವನ ಹತ್ತಿರವೂ ಉತ್ತರ ಇಲ್ಲ ಅನ್ನೋದು ನನಗೆ ತುಂಬಾ ಹಿಡಿಸಿತು.

ಅಭಿಮಾನಿಗಳು ಅವನ ಮೈಮೇಲಿನ ಕೆಂಪು ಕಣ್ಣುಗಳನ್ನು ಎಣಿಸಿದರು. ಲೂಸಿಯನ್ ಅನ್ನೋ ಹಳೆ ಹೆಸರು ಸಿಕ್ಕಿತು. ಅದರ ಮೇಲೆ ಎಷ್ಟು ಊಹೆ! ಮುಂದೊಂದು ದಿನ ಅವನು ಎಲ್ಲವನ್ನೂ ನೆನಪು ಮಾಡಿಕೊಳ್ಳುತ್ತಾನೆ, ಗೆಳೆಯರ ಮುಂದೆ ಅಳುತ್ತಾನೆ, ಹೀಗೆ. ನನ್ನ ಊಹೆಯೂ ಅದೇ ಆಗಿತ್ತು. 2018ರ ಜುಲೈನಲ್ಲಿ 26ನೇ ಎಪಿಸೋಡ್ ಬಂತು. ಜನರನ್ನು ಹಿಡಿದು ಗುಲಾಮರಾಗಿ ಮಾರುವವರ ಜೊತೆ ಹೊಡೆದಾಟ. ತಂಡದ ಅರ್ಧ ಜನ ಇಲ್ಲ. ಅವನು ಗೆಳತಿಯನ್ನು ಉಳಿಸೋಕೆ ಹೋಗಿ ಬಿದ್ದ. ಅವರ ನಾಯಕ ಲೊರೆಂಜೊ ಅವನ ಎದೆಗೆ ಆಯುಧ ಇಳಿಸಿದ. ಮುಗಿಯಿತು. ಯಾವ ಗುಟ್ಟೂ ಬಿಚ್ಚಿಕೊಳ್ಳಲಿಲ್ಲ.

ನಾನು ಆ ಎಪಿಸೋಡ್ ಕೇಳಿ ಒಂದು ತಿಂಗಳು ಪಾಡ್‌ಕಾಸ್ಟ್ ಮುಟ್ಟಲಿಲ್ಲ. ನಾವು ಕಟ್ಟಿದ ಊಹೆ ಎಲ್ಲ ಅನಾಥ ಆಯಿತು ಅನಿಸಿತು.

ಆಮೇಲೆ ಏನಾಯಿತು ನಿಮಗೆ ಗೊತ್ತು. ಕ್ಯಾಂಪೇನ್‌ನ ಕೊನೆಯ ಭಾಗದಲ್ಲಿ ಅದೇ ಮುಖ ಹೊತ್ತು ಲೂಸಿಯನ್ ಎದ್ದು ಬಂದ. ಅವರನ್ನು ಗುರುತೇ ಇಲ್ಲದವನು. ಶತ್ರು. ಊಹೆ ಮಾಡಿದ್ದ ಹಳೆ ಬದುಕು ನಿಜವೇ ಆಗಿತ್ತು. ಆದರೆ 26ನೇ ಎಪಿಸೋಡ್‌ನಲ್ಲಿ ದಾಳ ಬೇರೆ ಥರ ಬಿದ್ದಿದ್ದರೆ ಆ ಕಥೆ ಅವನದೇ ಬಾಯಲ್ಲಿ, ಬೇರೆಯದೇ ಆಗಿ ಬರುತ್ತಿತ್ತು. ಅವನಿಗೆ ಎಂದೂ ಬೇಡವಾಗಿದ್ದ ಹಿಂದಿನ ಕಥೆಯನ್ನು ಅವನ ಗೆಳೆಯರು ಹೊರಬೇಕಾಯಿತು.

ಇದನ್ನು ಮೊದಲೇ ಬರೆದದ್ದು ಅನ್ನೋದಾ, ಆಮೇಲೆ ಹುಟ್ಟಿದ್ದು ಅನ್ನೋದಾ? ನನಗೆ ಎರಡೂ ಮಾತು ಚಿಕ್ಕದು ಅನಿಸುತ್ತಿದೆ.

ಹೊಸಕೆರೆಹಳ್ಳಿ

ನಾನು ಹೊಸಬ. ಎಚ್ಚರಿಕೆ ನೋಡಿಯೂ ಓದಿಬಿಟ್ಟೆ. ಎಲ್ಲ ಗೊತ್ತಾದ ಮೇಲೂ ಕೇಳಬಹುದಾ? ಎಲ್ಲಿಂದ ಶುರು ಮಾಡಲಿ?

ಮೇಜಿನ ಆ ಬದಿ

ಖಂಡಿತ ಕೇಳಿ. ಬ್ಯಾಲೆನ್ಸ್‌ನಿಂದ ಶುರು ಮಾಡಿ. ಎಪಿಸೋಡ್ ಸುಮಾರು ಒಂದು ಗಂಟೆ, ನಗು ಜಾಸ್ತಿ. ಮೊದಲ ಕೆಲವು ಎಪಿಸೋಡ್‌ಗಳಲ್ಲಿ ನಿಯಮ ಹುಡುಕುತ್ತಾ ತಡವರಿಸುತ್ತಾರೆ. ದಾಟಿ ಹೋಗಬೇಡಿ, ಆಮೇಲೆ ಅದೇ ಬೇಕಾಗುತ್ತದೆ.

ಧಾರವಾಡದಿಂದ

ಇನ್ನೊಂದೇ ಒಂದು ಹೇಳಿ ಮಲಗುತ್ತೇನೆ. ಕ್ರಿಟಿಕಲ್ ರೋಲ್ ಮೊದಲನೇ ಕ್ಯಾಂಪೇನ್‌ನ 85ನೇ ಎಪಿಸೋಡ್. ಅಲ್ಲೂ ಸ್ಯಾಮ್ ರೀಗಲ್‌ರದೇ ಪಾತ್ರ, ಸ್ಕ್ಯಾನ್ಲನ್.

2015ರ ಮಾರ್ಚ್‌ನಲ್ಲಿ ಆ ಆಟ ನಮಗೆ ಕಾಣೋಕೆ ಶುರುವಾದಾಗ ಅವರು ಆಗಲೇ ಮನೆಯಲ್ಲಿ ವರ್ಷಗಟ್ಟಲೆ ಆಡಿಬಿಟ್ಟಿದ್ದರು. ನಾವು ನಡುವೆ ಬಂದು ಕೂತವರು. ಹಾಗಾಗಿ ಎಲ್ಲರ ಹಿಂದಿನ ಕಥೆಯನ್ನೂ ನಾವು ಊಹಿಸುತ್ತಲೇ ಇದ್ದೆವು. ಸ್ಕ್ಯಾನ್ಲನ್‌ನದನ್ನು ಬಿಟ್ಟು. ಅವನು ಹಾಡು ಹೇಳುತ್ತಾನೆ, ಪೋಲಿ ಮಾತಾಡುತ್ತಾನೆ, ನಗಿಸುತ್ತಾನೆ. ಅವನಿಗೆ ಹಿಂದಿನದು ಏನಿರುತ್ತೆ ಅಂತ ಯಾರೂ ಯೋಚಿಸಲಿಲ್ಲ.

85ನೇ ಎಪಿಸೋಡ್‌ನಲ್ಲಿ ಅವನು ಸತ್ತು ಬದುಕಿ ಎದ್ದ ಮೇಲೆ ತನ್ನ ತಂಡದವರನ್ನು ಒಂದು ಪ್ರಶ್ನೆ ಕೇಳುತ್ತಾನೆ. ನನ್ನ ಅಮ್ಮನ ಹೆಸರೇನು ಅಂತ. ಯಾರಿಗೂ ಗೊತ್ತಿಲ್ಲ. ಅಷ್ಟು ವರ್ಷ ಜೊತೆಗಿದ್ದವರಿಗೆ ಗೊತ್ತಿಲ್ಲ. ಅವನು ಎದ್ದು ಹೊರಟುಹೋಗುತ್ತಾನೆ.

ನನ್ನ ಜೊತೆ ಐದು ವರ್ಷ ಒಂದೇ ರೂಮಿನಲ್ಲಿದ್ದ ಗೆಳೆಯನಿಗೆ ಆ ರಾತ್ರಿ ಮೆಸೇಜ್ ಮಾಡಿದೆ. "ನಿಮ್ಮ ಅಮ್ಮನ ಹೆಸರೇನೋ?" ಅವನು ಹೇಳಿದ. ತಿರುಗಿ ನನ್ನ ಅವ್ವನ ಹೆಸರು ಕೇಳಿದ. ಅವನಿಗೂ ಗೊತ್ತಿರಲಿಲ್ಲ.

ಬಸವನಗುಡಿ ದಾಳ

...ನಾನು ಮುಂದಿನ ಭಾನುವಾರ ಆ ಮೂವರನ್ನೂ ಕೇಳುತ್ತೇನೆ.

ರಾತ್ರಿಪಾಳಿ

ಬೆಳಿಗ್ಗೆ ಆರೂವರೆ. ಪಾಳಿ ಮುಗಿಸಿ ಮೆಟ್ರೋ ಹತ್ತಿದೆ. ಇದೆಲ್ಲ ಓದಿದ ಮೇಲೆ ಬ್ಯಾಲೆನ್ಸ್‌ನ ಮೊದಲ ಎಪಿಸೋಡ್ ಮತ್ತೆ ಹಾಕಿದೆ. ಬ್ಯಾರಿಯ ಹೆಸರು ಬಂತು. ನಗು ಬಂತು. 2014ರ ಅದೇ ನಗು.

ಮೊದಲ ಸಲ ಕೇಳಿದಾಗ ನಾನೂ ಜೊತೆಗೆ ನಕ್ಕಿದ್ದೆ. ಈ ಸಲ ಅಲ್ಲಿಗೇ ನಿಲ್ಲಿಸಿ, ಹಿಂದಕ್ಕೆ ಹಾಕಿ ಮೂರು ಸಲ ಕೇಳಿದೆ. ಮೇಜಿನ ಆಚೆ ಕೂತಿರುವ ಈ ಬ್ಯಾರಿ ಇವರ ಜೊತೆ ನೂರು ವರ್ಷ ಬದುಕಿದವನು. ಲಪ್‌ಳನ್ನು ಪ್ರೀತಿಸಿದವನು. ಅವಳ ಅವಳಿ ಟಾಕೋ ಇವನೆದುರೇ ಇದ್ದಾನೆ, ಇವನ ಹೆಸರು ಕೇಳಿ ನಗುತ್ತಿದ್ದಾನೆ. ಇನ್ನು ಸ್ವಲ್ಪ ಎಪಿಸೋಡ್ ಆದರೆ ಗುಹೆಯಲ್ಲಿ ಕೆಂಪು ನಿಲುವಂಗಿಯ ಅಸ್ಥಿಪಂಜರದ ಹತ್ತಿರ ಒಂದು ಕೊಡೆ ಸಿಗುತ್ತದೆ, ಲಪ್‌ಳ ಕೊಡೆ. ಟಾಕೋ ಅದನ್ನು ಎತ್ತಿಕೊಳ್ಳುತ್ತಾನೆ.

ಆರ್‌ವಿ ರಸ್ತೆ ಬಂತು. ಗ್ರೀನ್ ಲೈನ್‌ಗೆ ಬದಲಾಯಿಸಬೇಕು. ಎರಡನೇ ಎಪಿಸೋಡ್ ಹಾಕಿಕೊಂಡೆ.